ದಪ್ಪ ರೇಡಿಯೇಟರ್ ಹಾಕಿಸಿದ ಮೇಲೆ ಒಳಗಿನ ಗಾಳಿ ಹೊರಗೆ ಹೋಗುತ್ತಿಲ್ಲ

ಪ್ರಶ್ನೆ (ಕಲಬುರಗಿ):
ಹಳೇ ಜಿಪ್ಸಿಗೆ ದಪ್ಪ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಿದ್ದೇನೆ. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ವಾ, ಹುಮನಾಬಾದ್ ತಲುಪುವಷ್ಟರಲ್ಲಿ ಟೆಂಪರೇಚರ್ ಮೀಟರಿನ ಮುಳ್ಳು ಏರುತ್ತಿತ್ತು. ಈಗ ಒಮ್ಮೆಲೇ ಏರಿ ತಟ್ಟನೆ ಇಳಿಯುತ್ತದೆ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು. ಹೀಟರ್ ಹಾಕಿದರೆ ತಣ್ಣನೆ ಗಾಳಿ. ಲೀಕ್ ಎಲ್ಲೂ ಇಲ್ಲ. ಏನು ಮಾಡಲಿ ಅಣ್ಣಾ?

ಉತ್ತರ (ಬೀದರ್):
ಕೂಲಂಟ್ (ಇಂಜಿನ್ ತಂಪಿಡುವ ದ್ರವ) ಹರಿಯುವ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ ತಮ್ಮಾ. ಇಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡ, ಪ್ರೆಶರ್‌ಗೆ ಮುಖಕ್ಕೇ ಚಿಮ್ಮುತ್ತದೆ. ಮುಂದಿನ ಚಕ್ರ ಏರಿನ ಮೇಲಿರಲಿ, ಕ್ಯಾಪ್ ಎಲ್ಲಕ್ಕಿಂತ ಎತ್ತರಕ್ಕೆ ಬರಬೇಕು. ಹೀಟರ್ ಫುಲ್ ಬಿಸಿಗೆ ತಿರುಗಿಸು. ಕೂಲಂಟ್ ನಿಧಾನ ಸುರಿ. ಕ್ಯಾಪ್ ತೆಗೆದೇ ಗಾಡಿ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡು. ಗ್ಲೌಸ್ ಹಾಕಿ ಮೇಲಿನ ಹೋಸ್ ಹಿಸುಕುತ್ತಿರು, ಗುಳ್ಳೆ ಬರುತ್ತವೆ. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗ ಕೂಲಂಟ್‌ಗೆ ದಾರಿ ಬಿಡುವ ವಾಲ್ವ್) ತೆರೆದಾಗ ಆ ಹೋಸ್ ಬಿಸಿಯಾಗುತ್ತದೆ, ಮಟ್ಟ ಗಬಕ್ಕನೆ ಇಳಿಯುತ್ತದೆ. ಆಗ ಮತ್ತೆ ತುಂಬಿಸು. ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕು. ಅವಸರ ಮಾಡಬೇಡ, ಇದು ತಾಳ್ಮೆಯ ಕೆಲಸ.

ಉತ್ತರ (ಯಾದಗಿರಿ):
ಬೋರ್ ನೀರು ಹಾಕಬೇಡಿ ಸರ್, ಒಳಗೆ ಬಿಳಿ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್, ಕೂಲಂಟ್ ಅರ್ಧಕ್ಕರ್ಧ ಸಾಕು. ರೆಡಿ ಮಿಕ್ಸ್ ತಂದಿದ್ದರೆ ನೀರೇ ಬೇಡ. ಎಷ್ಟು ಸಲ ಮಾಡಿದರೂ ಗುಳ್ಳೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ ಕೆಳಗಿನ ಸೀಲ್) ಮೆಕ್ಯಾನಿಕ್‌ಗೆ ತೋರಿಸಿ.

ಕೇಳಿದವರು:
ಬೆಳಿಗ್ಗೆಯೇ ಮಾಡಿದೆ ಅಣ್ಣಾ. ಹೀಟರ್ ಬಿಸಿ ಊದುತ್ತಿದೆ, ಮುಳ್ಳು ಅರ್ಧದಲ್ಲೇ ನಿಂತಿದೆ. ನಾಳೆ ತಣ್ಣಗಿದ್ದಾಗ ಮಟ್ಟ ಇನ್ನೊಮ್ಮೆ ನೋಡುತ್ತೇನೆ.