‘ಚೆನ್ನಾಗಿ ಕಾಣುತ್ತೆ’: ನೋಟವೋ, ಅಂದವೋ? ಮಕ್ಕಳ ಕನ್ನಡಕದ ಪ್ರಶ್ನೆಗಳಿಗೆ ಪದ ಬೇಕು

ಗೆಳೆಯರೇ,

ಕನ್ನಡಕ ಹಾಕಿಕೊಂಡ ಮೇಲೆ ಶಾಲೆಯ ಮಕ್ಕಳ ದಿನ ಎಷ್ಟು ಹಗುರಾಯಿತು ಎಂದು ತಿಳಿಯುವ ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕಾಣು’ ಎಂಬ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

‘ಕನ್ನಡಕ ಹಾಕಿದರೆ ಚೆನ್ನಾಗಿ ಕಾಣುತ್ತೆ’ ಎಂದು ಬರೆದಿದ್ದೆ. ನಾನು ಕೇಳಬೇಕಿದ್ದದ್ದು ನೋಟದ ಬಗ್ಗೆ. ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗಿಗೆ ಓದಿ ಹೇಳಿದೆ. ‘ಇಲ್ಲ, ನಂಗೆ ಸೂಟ್ ಆಗಲ್ಲ’ ಅಂದಳು. ಅವಳು ಕೊಟ್ಟ ಉತ್ತರ ಮುಖದ ಬಗ್ಗೆ. ತಪ್ಪು ಅವಳದಲ್ಲ, ವಾಕ್ಯ ಎರಡನ್ನೂ ಹೇಳುತ್ತದೆ.

ಇದು ಬರೀ ವ್ಯಾಕರಣದ ವಿಷಯ ಅಲ್ಲ. ಅಮೆರಿಕದಲ್ಲಿ ಮಕ್ಕಳಿಗೆಂದೇ ಮಾಡಿದ ‘ಪ್ರೆಪ್’ ಎಂಬ ಪ್ರಶ್ನಾವಳಿ ಇದೆ. ಅದರಲ್ಲಿ 26 ಹೇಳಿಕೆಗಳು. ದೂರದ ನೋಟ, ಹತ್ತಿರದ ನೋಟ, ತನ್ನ ರೂಪ, ಗೆಳೆಯರು ಏನನ್ನುತ್ತಾರೆ, ಓದು, ಆಟ, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಅಂಕ. ನೋಟದ ಪ್ರಶ್ನೆಗೆ ಮಗು ರೂಪದ ಉತ್ತರ ಕೊಟ್ಟರೆ ಎರಡೂ ಅಂಕ ಕೆಡುತ್ತವೆ. ಅದೂ ಅಲ್ಲದೆ ಇವೆರಡು ಎದುರುಬದುರು ಹೋಗುವುದೂ ಉಂಟು. ಮೆಕ್ಸಿಕೊದ ಓಹಾಕಾದಲ್ಲಿ ಉಚಿತ ಕನ್ನಡಕ ಪಡೆದಿದ್ದ 493 ಮಕ್ಕಳನ್ನು ಆಮೇಲೆ ಹೋಗಿ ನೋಡಿದಾಗ, ಹಾಕಿಕೊಂಡಿದ್ದವರು ಶೇ. 13.4 ಮಾತ್ರ. ಆ ಅಧ್ಯಯನ 2006ರಲ್ಲಿ ಬಂತು. ಹಾಕದಿರುವುದಕ್ಕೆ ಮಕ್ಕಳು ಕೊಟ್ಟ ಕಾರಣಗಳಲ್ಲಿ ಅಂದದ ಚಿಂತೆ, ಗೆಳೆಯರ ಗೇಲಿ ಇದ್ದವು. ಬೋರ್ಡು ಸ್ಪಷ್ಟವಾಗುತ್ತದೆ, ಆದರೆ ‘ಸೋಡಾ ಬುಡ್ಡಿ’ ಎಂಬ ಕೂಗೂ ಬೆನ್ನು ಹತ್ತುತ್ತದೆ. ಒಂದು ಏರುವಾಗ ಇನ್ನೊಂದು ಇಳಿಯುವುದನ್ನೇ ಹಿಡಿಯಬೇಕಾದ ಕಡೆ ನಮ್ಮ ಕ್ರಿಯಾಪದ ಎರಡನ್ನೂ ಒಂದು ಮಾಡಿಬಿಡುತ್ತದೆ.

ಕನ್ನಡದಲ್ಲಿ ದಾರಿ ಇಲ್ಲವೆಂದಲ್ಲ. ‘ನನಗೆ ಕಾಣುತ್ತದೆ’ ಅಂದರೆ ನೋಟ, ‘ನಾನು ಕಾಣುತ್ತೇನೆ’ ಅಂದರೆ ರೂಪ. ಆದರೆ ಹಳೆಯ ರೂಢಿಯ ‘ನಾನು ಕಂಡೆ’ ಇನ್ನೂ ಬದುಕಿದೆ, ಅಲ್ಲಿ ‘ನಾನು’ ನೋಡಿದವನು. ‘ನನಗೆ ಇದೇ ಸರಿ ಕಾಣುತ್ತೆ’ ಅಂದರೆ ಅನ್ನಿಸುವುದು. ಮಾತಿನಲ್ಲಿ ‘ನಾನು’, ‘ನನಗೆ’ ಎರಡೂ ಬಿದ್ದುಹೋಗುತ್ತವೆ. ಸದ್ಯಕ್ಕೆ ನೋಟದ ಪ್ರಶ್ನೆಯನ್ನು ಹೀಗೆ ಬದಲಿಸಿದ್ದೇನೆ: ‘ಹಿಂದಿನ ಬೆಂಚಿನಿಂದಲೂ ಬೋರ್ಡಿನ ಒತ್ತಕ್ಷರ ನನಗೆ ಗೊತ್ತಾಗುತ್ತೆ.’ ಕನ್ನಡ ಓದುವ ಮಗುವಿಗೆ ಇದು ಸರಿಯಾದ ಪರೀಕ್ಷೆ ಅನ್ನಿಸುತ್ತದೆ. ಒತ್ತಕ್ಷರವಷ್ಟೇ ಅಲ್ಲ, ದ ಮತ್ತು ಧ, ಪ ಮತ್ತು ಫ, ಇವುಗಳ ನಡುವೆಯೂ ಇರುವುದು ಒಂದು ಸಣ್ಣ ಸೀಳು. ಕಣ್ಣು ಮಬ್ಬಾದರೆ ಮೊದಲು ಮಾಯವಾಗುವುದು ಅದೇ. ‘ಧನ’ ಇದ್ದದ್ದು ನೋಟ್‌ಬುಕ್ಕಿನಲ್ಲಿ ‘ದನ’ ಆದರೆ ಮೇಷ್ಟ್ರು ಕಾಗುಣಿತಕ್ಕೆ ಬೈಯುತ್ತಾರೆ, ಕಣ್ಣಿನ ಕಡೆ ಯೋಚನೆ ಹೋಗುವುದಿಲ್ಲ.

ಇನ್ನು ರೂಪದ ಪ್ರಶ್ನೆ. ನಮ್ಮ ಕಡೆಯ ಸೊಗಸಾದ ಮಾತು ‘ಕನ್ನಡಕ ನನಗೆ ಒಪ್ಪುತ್ತೆ’. ಆದರೆ ಉತ್ತರದ ಪಟ್ಟಿ ಶುರುವಾಗುವುದೇ ‘ಒಪ್ಪುತ್ತೇನೆ, ಒಪ್ಪುವುದಿಲ್ಲ’ ಎಂದು! ಮಗು ‘ಒಪ್ಪುವುದಿಲ್ಲ’ಕ್ಕೆ ಗುರುತು ಹಾಕಿದರೆ ಏನೆಂದು ತಿಳಿಯುವುದು? ‘ಹೊಂದುತ್ತೆ’ ಅಂದರೆ ಚೌಕಟ್ಟಿನ ಅಳತೆ ಸರಿಯಾಗಿದೆ ಎಂದೂ ಆಗುತ್ತದೆ. ಅದಕ್ಕೇ ಉತ್ತರಗಳನ್ನು ‘ಹೌದು, ಸ್ವಲ್ಪ ಹೌದು, ಗೊತ್ತಿಲ್ಲ, ಅಷ್ಟಿಲ್ಲ, ಇಲ್ಲವೇ ಇಲ್ಲ’ ಎಂದು ಮಾಡುವ ಯೋಚನೆ ಇದೆ. ‘ಬಲವಾಗಿ ಒಪ್ಪುತ್ತೇನೆ’ ಎಂದು ಯಾವ ಮಗು ಹೇಳುತ್ತದೆ?

ರೋಗದ ಹೆಸರನ್ನಂತೂ ಕೈಬಿಟ್ಟಿದ್ದೇನೆ. ‘ಸಮೀಪದೃಷ್ಟಿ’ ಅಂದರೆ ಹತ್ತಿರದ್ದು ಕಾಣದ ತೊಂದರೆ ಎಂದು ತಂದೆತಾಯಿ ತಿಳಿಯುತ್ತಾರೆ, ಇರುವುದು ಅದರ ತಿರುಗುಮುರುಗು. ‘ದೂರದೃಷ್ಟಿ’ ಹೊಗಳಿಕೆಯ ಮಾತಾಗಿ ಕೂತಿದೆ. ‘ದೂರದ್ದು ಮಬ್ಬು’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ತಲೆಬರಹದಲ್ಲಿ ಮಾತ್ರ ಇನ್ನೂ ತೊಡಕಿದೆ. ಇಂಗ್ಲಿಷಿನ ‘ಕ್ವಾಲಿಟಿ ಆಫ್ ಲೈಫ್’ಗೆ ‘ಜೀವನದ ಗುಣಮಟ್ಟ’ ಎಂದು ಎಲ್ಲರೂ ಬರೆಯುತ್ತಾರೆ. ಆದರೆ ಗುಣಮಟ್ಟ ನಾವು ಅಕ್ಕಿಗೆ, ಸಿಮೆಂಟಿಗೆ ಹೇಳುವ ಪದ. ಜೀವನದ ಜೊತೆ ಸೇರಿದರೆ ಜನರಿಗೆ ನೆನಪಾಗುವುದು ‘ಜೀವನಮಟ್ಟ’, ಅಂದರೆ ಮನೆಯ ಆದಾಯ. ಒಬ್ಬ ತಾಯಿ ಪ್ರಶ್ನೆ ಕೇಳಿದ ಕೂಡಲೇ ರೇಷನ್ ಕಾರ್ಡ್ ತೆಗೆದರು. ವಿಶ್ವ ಆರೋಗ್ಯ ಸಂಸ್ಥೆ ಈ ಪದಕ್ಕೆ ಕೊಡುವ ಅರ್ಥದಲ್ಲಿ ಇರುವುದು ತನ್ನ ಬದುಕು ಹೇಗಿದೆ ಎಂದು ಆ ಮನುಷ್ಯನಿಗೇ ಏನು ಅನ್ನಿಸುತ್ತದೆ ಎಂಬುದು. ‘ನೆಮ್ಮದಿ’ ಎಂದರೆ ಬರೀ ಮನಸ್ಸಿನದಾಗುತ್ತದೆ. ಮಕ್ಕಳ ಪ್ರತಿಗೆ ‘ನಿನ್ನ ಕಣ್ಣು, ನಿನ್ನ ದಿನ’ ಎಂದು ಹಾಕಿದ್ದೇನೆ. ವರದಿಗೆ ಏನು ಹಾಕಲಿ? ‘ಬದುಕಿನ ಹಿತ’ ನಡೆಯುತ್ತದೆಯೇ?

ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯವರಿಂದ ಇನ್ನೊಂದು ಬೇಕು. ಅಲ್ಲಿ ಮಕ್ಕಳು ‘ಚಷ್ಮಾ’ ಅನ್ನುತ್ತಾರೋ ‘ಚಾಳೀಸು’ ಅನ್ನುತ್ತಾರೋ? ಚಾಳೀಸಿನಲ್ಲಿ ನಲವತ್ತು ವರ್ಷ ಅಡಗಿದೆ, ಹತ್ತು ವರ್ಷದ ಮಗುವಿಗೆ ಅದನ್ನು ಹೇಳಲು ನನಗೆ ಮನಸ್ಸಿಲ್ಲ. ಮತ್ತೆ, ಒಂದು ವಸ್ತು ಮುಖಕ್ಕೆ ಚಂದ ಕೂತಿದೆ ಎನ್ನಲು ‘ಒಪ್ಪು’ ಬಿಟ್ಟು ನಿಮ್ಮ ಮಕ್ಕಳು ಏನನ್ನುತ್ತಾರೆ? ಅವರು ಆಡಿದ ವಾಕ್ಯವನ್ನೇ, ತಿದ್ದದೆ, ಬರೆದು ಕಳಿಸಿ.