ತಣ್ಣೀರಿಗೆ ಬಿಡದ ಬೀಟ್‌ರೂಟ್ ಬಣ್ಣ ಬಿಸಿನೀರಿಗೆ ಯಾಕೆ ಬಿಡುತ್ತದೆ?

ಪಿಯುಸಿ_ಪರದಾಟ:
ಕೋಶಪೊರೆಯ ಪಾಠ ಮುಗಿಯಿತು. ಎರಡು ಪದರ ಫಾಸ್ಫೋಲಿಪಿಡ್ (ತಲೆ-ಬಾಲ ಇರುವ ಕೊಬ್ಬಿನ ಅಣು), ನಡುನಡುವೆ ಪ್ರೋಟೀನ್, ಇಷ್ಟು ಬಾಯಿಪಾಠ ಆಗಿದೆ. ಆದರೆ ಹೆಚ್ಚಿದ ಬೀಟ್‌ರೂಟನ್ನು ತಣ್ಣೀರಲ್ಲಿ ಹಾಕಿಟ್ಟರೆ ನೀರು ತೆಳು ಗುಲಾಬಿ ಆಗುತ್ತದೆ ಅಷ್ಟೆ, ಒಲೆ ಮೇಲಿಟ್ಟರೆ ಸ್ವಲ್ಪ ಹೊತ್ತಿಗೇ ಕಡುಕೆಂಪು. ಬಿಸಿಗೆ ಕೋಶಭಿತ್ತಿ ಒಡೆಯುತ್ತದಾ? ಇನ್ನೊಂದು, ಪೊರೆಯನ್ನು ನೀರು ದಾಟುತ್ತದೆ, ಬಣ್ಣ ಯಾಕೆ ದಾಟುವುದಿಲ್ಲ?

ಲ್ಯಾಬ್_ಮೇಡಂ:
ಭಿತ್ತಿಯನ್ನು ಬಿಡಿ. ಅದು ಸೆಲ್ಯುಲೋಸ್ ನಾರಿನದು, ಬಣ್ಣದ ಅಣು ಅದರ ಸಂದಿಯಲ್ಲಿ ಸಲೀಸಾಗಿ ನುಸುಳುತ್ತದೆ. ತಡೆಯುವುದು ಪೊರೆ, ಅದೂ ಎರಡು. ಬಣ್ಣ ಇರುವುದು ರಸದಾನಿಯಲ್ಲಿ, ಅಂದರೆ ಕೋಶದೊಳಗಿನ ರಸದ ಚೀಲದಲ್ಲಿ. ಅದಕ್ಕೊಂದು ಪೊರೆ, ಅದರಾಚೆ ಕೋಶದ ಪೊರೆ. ಬೀಟ್‌ರೂಟಿನ ಬೆಟಾನಿನ್ ದೊಡ್ಡ ಅಣು, ಮೇಲಾಗಿ ವಿದ್ಯುದಾವೇಶ ಬೇರೆ ಇದೆ. ಪೊರೆಯ ನಡುಭಾಗದಲ್ಲಿ ಇರುವುದು ಬರೀ ಕೊಬ್ಬಿನ ಬಾಲಗಳು, ಅಲ್ಲಿ ಅದಕ್ಕೆ ಜಾಗವಿಲ್ಲ. ತಣ್ಣೀರಲ್ಲಿ ಕಾಣುವ ಗುಲಾಬಿ ಚಾಕುವಿಗೆ ಸಿಕ್ಕ ಕೋಶಗಳದ್ದು.

ಇನ್ನು ಬಿಸಿ. ಫಾಸ್ಫೋಲಿಪಿಡ್‌ಗಳು ಒಂದಕ್ಕೊಂದು ಅಂಟಿಕೊಂಡಿಲ್ಲ, ಇದನ್ನು ಪುಸ್ತಕದ ಚಿತ್ರ ನೋಡಿ ಯಾರೂ ಊಹಿಸಲಾರರು! ತಲೆ ನೀರಿನ ಕಡೆ, ಬಾಲ ನೀರಿನಿಂದ ದೂರ, ಮುಖ್ಯವಾಗಿ ಈ ಕಾರಣಕ್ಕೇ ಸಾಲುಗಟ್ಟಿ ನಿಂತಿವೆ. ನಿಂತಲ್ಲೇ ನಿಲ್ಲುವುದೂ ಇಲ್ಲ, ಪಕ್ಕಕ್ಕೆ ಜಾರುತ್ತಲೇ ಇರುತ್ತವೆ. ಸಿಂಗರ್ ಮತ್ತು ನಿಕಲ್ಸನ್ 1972ರಲ್ಲಿ ಕೊಟ್ಟ ಫ್ಲೂಯಿಡ್ ಮೊಸಾಯಿಕ್ ಮಾದರಿ ಹೇಳುವುದು ಇದನ್ನೇ. ಬಿಸಿ ಏರಿದಷ್ಟೂ ಈ ಜಾರಾಟ ಜಾಸ್ತಿ. ಸುಮಾರು 50–60 ಡಿಗ್ರಿಗೆ ಬಂದರೆ ಪ್ರೋಟೀನುಗಳ ಆಕಾರವೂ ಕೆಡುತ್ತದೆ, ಪೊರೆ ಸೋರುತ್ತದೆ.

ಕೋಶ_ಕುತೂಹಲಿ:
ಮೇಡಂ ಹೇಳಿದ್ದಕ್ಕೆ ನೀರಿನ ವಿಷಯ ಸೇರಿಸುತ್ತೇನೆ. ನೀರಿನ ಅಣು ಪುಟ್ಟದು, ಲಿಪಿಡ್ ನಡುವೆಯೇ ಒಂದಿಷ್ಟು ನುಸುಳುತ್ತದೆ. ಆದರೆ ಕೆಂಪು ರಕ್ತಕಣದೊಳಗೆ ನೀರು ಹೋಗುವ ವೇಗಕ್ಕೆ ಅದು ಸಾಲದು. ಅದಕ್ಕೆಂದೇ ಒಂದು ಪ್ರೋಟೀನ್ ಕೊಳವೆ ಇದೆ, ಹೆಸರು ಅಕ್ವಾಪೋರಿನ್. ಪೀಟರ್ ಆಗ್ರೆ ತಂಡ 1992ರಲ್ಲಿ ಕಪ್ಪೆಯ ಅಂಡಕೋಶಗಳಲ್ಲಿ ಈ ಪ್ರೋಟೀನ್ ತಯಾರಾಗುವಂತೆ ಮಾಡಿ, ಲವಣ ಕಡಿಮೆ ಇರುವ ದ್ರಾವಣಕ್ಕೆ ಹಾಕಿತು. ಅವು ಬೇಗನೆ ಉಬ್ಬಿ ಒಡೆದವು, ಪ್ರೋಟೀನ್ ಇಲ್ಲದವು ಒಡೆಯಲಿಲ್ಲ. ಎಷ್ಟು ಸರಳ ಪ್ರಯೋಗ ಅಲ್ವಾ? 2003ರಲ್ಲಿ ಆಗ್ರೆಗೆ ನೊಬೆಲ್ ಬಂತು. ಆ ಕೊಳವೆ ಎಷ್ಟು ಇಕ್ಕಟ್ಟು ಅಂದರೆ ನೀರಿನ ಅಣುಗಳು ಒಂದರ ಹಿಂದೆ ಒಂದು ಹೋಗಬೇಕು, ಪ್ರೋಟಾನನ್ನೂ ಅದು ಬಿಡುವುದಿಲ್ಲ. ಬೆಟಾನಿನ್ ಮಾತಂತೂ ದೂರ.

ಪಿಯುಸಿ_ಪರದಾಟ:
ಹಾಗಾದರೆ ಫ್ರೀಜರ್‌ನಲ್ಲಿಟ್ಟ ತುಂಡು ಕರಗಿದಾಗ ರಸ ಸುರಿಯುವುದು? ಅಲ್ಲಿ ಬಿಸಿಯೇ ಇಲ್ಲವಲ್ಲ.

ಲ್ಯಾಬ್_ಮೇಡಂ:
ಅಲ್ಲಿ ಮಂಜಿನ ಹರಳು ಪೊರೆಯನ್ನು ಹರಿಯುತ್ತದೆ. ಸ್ಪಿರಿಟ್ ಹಾಕಿದರೂ ಬಣ್ಣ ಬರುತ್ತದೆ, ಅದು ಲಿಪಿಡ್ ಸಾಲನ್ನೇ ಕೆಡಿಸುತ್ತದೆ. ಲ್ಯಾಬಿನಲ್ಲಿ ಬೇರೆ ಬೇರೆ ಬಿಸಿಯ ನೀರಿನ ಟ್ಯೂಬುಗಳಲ್ಲಿಟ್ಟು ಎಷ್ಟು ಬಣ್ಣ ಬಿಟ್ಟಿತೆಂದು ನೋಡುವುದಾದರೆ ತುಂಡುಗಳನ್ನು ಮೊದಲು ನೀರು ತಿಳಿಯಾಗುವ ತನಕ ತೊಳೆಯಿರಿ. ಇಲ್ಲದಿದ್ದರೆ 30 ಡಿಗ್ರಿ ಟ್ಯೂಬೂ ಕೆಂಪಾಗಿ ಗ್ರಾಫ್ ಸುಮ್ನೆ ಹಾಳು. ಜಾಸ್ತಿ ಹೊತ್ತು ಕುದಿಸಲೂ ಬೇಡಿ, ಬಿಸಿಗೆ ಬೆಟಾನಿನ್ನೇ ಕೆಟ್ಟು ಬಣ್ಣ ಕಂದುತ್ತದೆ.