ಕಾರಿಯೇರ್ ಶೈಲಿಯ ತಾಯಿ-ಮಗು: ಒರೆಸಿದರೂ ಬೆಳಕು ಬರುತ್ತಿಲ್ಲ

ಪ್ರಶ್ನೆ
19ನೇ ಶತಮಾನದ ಫ್ರೆಂಚ್ ಚಿತ್ರಕಾರ ಯೂಜೀನ್ ಕಾರಿಯೇರ್‌ನ ತಾಯಿ-ಮಗು ಚಿತ್ರಗಳ ಹಾಗೆ ಬರೀ ಕಂದಿನಲ್ಲಿ ತೈಲಚಿತ್ರ ಮಾಡುವ ಪ್ರಯತ್ನ ಇದು. ಕ್ಯಾನ್ವಾಸ್ 45×60 ಸೆಂ.ಮೀ., ಮೇಲೆ ಆಕ್ರಿಲಿಕ್ ಜೆಸ್ಸೊ (ಬಿಳಿ ತಳಲೇಪ) ಎರಡು ಕೋಟ್. ಬರ್ನ್ಟ್ ಅಂಬರ್‌ಗೆ (ಕೆಂಪುಗಂದು ಬಣ್ಣ) ಟರ್ಪಂಟೈನ್ ಬೆರೆಸಿ ತೆಳುವಾಗಿ ಬಳಿದು, ಬೆಳಕಿಗೆಂದು ಮಗುವಿನ ಕೆನ್ನೆಯನ್ನು ಬಟ್ಟೆಯಿಂದ ಒರೆಸಿದರೆ ಬಿಳಿ ಬರುವುದಿಲ್ಲ, ಕೆಂಪುಗಂದು ಕಲೆ ಉಳಿಯುತ್ತದೆ. ಮೇಲೆ ಬಿಳಿ ಹಚ್ಚಿದರೆ ಸುಣ್ಣ ಬಳಿದ ಹಾಗೆ ಕಾಣುತ್ತದೆ. ತಪ್ಪು ಎಲ್ಲಿ?

ಉತ್ತರ 1
ಜೆಸ್ಸೊದಲ್ಲೇ. ಅದು ಬಣ್ಣ ಹೀರುವ ತಳ. ತೆಳು ಬಣ್ಣ ಒಳಗಿಳಿದ ಮೇಲೆ ಯಾವ ಬಟ್ಟೆಯೂ ಅದನ್ನು ಎತ್ತಲಾರದು. ಜೆಸ್ಸೊ ಮೇಲೆ ಬಿಳಿ ತೈಲವರ್ಣಕ್ಕೆ ಚಿಟಿಕೆ ಯೆಲ್ಲೋ ಓಕರ್ (ಮಣ್ಣಿನ ಹಳದಿ) ಸೇರಿಸಿ, ಪ್ಯಾಲೆಟ್ ನೈಫ್‌ನಿಂದ ತೆಳ್ಳಗೆ ಎಳೆದು ಒಣಗಲು ಬಿಡಿ. ಟೈಟೇನಿಯಂ ಬಿಳಿಗೆ ವಾರವಾದರೂ ಬೇಕು, ಬೇಗ ಒಣಗುವ ಆಲ್ಕಿಡ್ ರಾಳದ ಬಿಳಿಗೆ ಒಂದೆರಡು ದಿನ ಸಾಕು.

ಬರೀ ಟರ್ಪಂಟೈನ್ ಬೇಡ, ಬಣ್ಣವನ್ನು ಹಿಡಿದಿಡುವ ಎಣ್ಣೆಯೇ ಸಾಲದಾಗುತ್ತದೆ. ಅಗಸೆ ಎಣ್ಣೆ 1 ಪಾಲು, ಟರ್ಪಂಟೈನ್ 2 ಪಾಲು ಇರಲಿ. ಬಣ್ಣಕ್ಕೆ ರಾ ಅಂಬರ್ (ಕೆಂಪು ಕಡಿಮೆ ಇರುವ ಕಂದು) 3 ಪಾಲು, ಬರ್ನ್ಟ್ ಅಂಬರ್ 1, ಕೆಂಪು ತಗ್ಗುತ್ತದೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಬಿಗಿಯುತ್ತದೆ, ಹಾಗಾಗಿ ಒರೆಸುವ ಕೆಲಸ ಒಂದೇ ಸಲಕ್ಕೆ ಮುಗಿಯಬೇಕು. ಮೊದಲು ಒಣಬಟ್ಟೆ. ಹಣೆ, ಕೆನ್ನೆಯ ತುದಿಬೆಳಕಿಗೆ ಮಾತ್ರ ಟರ್ಪಂಟೈನ್ ತಾಗಿಸಿ ಹಿಂಡಿದ ಬಟ್ಟೆಯನ್ನು ಬೆರಳಿಗೆ ಸುತ್ತಿ ಒಂದು ಸಲ ಒತ್ತಿ ಎತ್ತಿ. ಉಜ್ಜಿದರೆ ಸುತ್ತ ಕಲೆಯ ಅಂಚು ಕಟ್ಟುತ್ತದೆ.

ಉತ್ತರ 2
ಸುಣ್ಣದ ಹಾಗೆ ಕಾಣಲು ಕಾರಣ ಬೇರೆ: ಗಾಢ ಕಂದಿನ ಮೇಲೆ ತೆಳು ಬಿಳಿ ತಣ್ಣಗೆ, ನೀಲಿಬೂದಿಗೆ ತಿರುಗುತ್ತದೆ. ಬಿಳಿಯನ್ನು ಒರೆಸಿ ತೆಗೆದ ಜಾಗದಲ್ಲೇ ಇಡಿ, ಓಕರ್ ಬೆರೆಸಿ, ಸ್ವಲ್ಪ ದಪ್ಪಗೆ.

ಅಂಚುಗಳನ್ನೂ ನೋಡಿಕೊಳ್ಳಿ. ಕಾರಿಯೇರ್‌ನಲ್ಲಿ ತಾಯಿಯ ತೋಳು ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು ಎಂದು ಹೇಳಲಾಗದು. ಮಗುವಿನ ತಲೆ ಹಿಡಿದ ಕೈಬೆರಳಂಥ ಒಂದೆರಡು ಕಡೆ ಮಾತ್ರ ಗೆರೆ ನಿಲ್ಲಲಿ, ಉಳಿದದ್ದನ್ನು ಒಣಕುಂಚದಿಂದ ಕರಗಿಸಿ. ತೊಟ್ಟಿಲು, ಕಿಟಕಿ ಎಲ್ಲ ತುಂಬಿದರೆ ಅದು ಮನೆಯ ದೃಶ್ಯವಾಗುತ್ತದೆ, ಸಾಂಕೇತಿಕ ಚಿತ್ರವಾಗುವುದಿಲ್ಲ.

ಪ್ರಶ್ನೆ ಕೇಳಿದವರು
ಒಣಗಿದ ಹಳೇ ಪ್ರಯತ್ನವೊಂದರಲ್ಲಿ ನೆರಳು ಅಲ್ಲಲ್ಲಿ ಮಂಕಾಗಿದೆ. ವಾರ್ನಿಷ್ ಹೊಡೆಯಬಹುದೇ?

ಉತ್ತರ 1
ಈಗಲೇ ಬೇಡ, ಆರು ತಿಂಗಳಾಗಲಿ. ಅದು ಎಣ್ಣೆ ಕೆಳಗಿಳಿದದ್ದು, ಅಂಬರ್‌ಗಳಲ್ಲಿ ಮಾಮೂಲು. ಎಣ್ಣೆ-ಟರ್ಪಂಟೈನ್ ಸಮಪಾಲು ಬೆರೆಸಿ, ಮಂಕಾದ ಜಾಗಕ್ಕೆ ಸವರಿ ಹತ್ತು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿ. ಕಪ್ಪು ಗಾಢವಾಗಲೆಂದು ಬಿಟುಮೆನ್ (ಡಾಂಬರಿನಂಥ ಬಣ್ಣ) ಮುಟ್ಟಬೇಡಿ. ಅದು ಪೂರ್ತಿ ಒಣಗುವುದೇ ಇಲ್ಲ, ಮೊಸಳೆ ಚರ್ಮದ ಹಾಗೆ ಬಿರಿಯುತ್ತದೆ. 19ನೇ ಶತಮಾನದ ಎಷ್ಟೋ ಚಿತ್ರಗಳು ಹಾಗೇ ಹಾಳಾದವು.

ಉತ್ತರ 3
ಕಂದೇ ಆಗಬೇಕೆಂದೇನಿಲ್ಲ. ಇಟಲಿಯ ಚಿತ್ರಕಾರ ಸೆಗಾಂತೀನಿಯ 1889ರ 'ಇಬ್ಬರು ತಾಯಂದಿರು' ನೋಡಿ: ಕೊಟ್ಟಿಗೆ, ಲಾಟೀನಿನ ಬೆಳಕು, ಮಗುವನ್ನು ಹಿಡಿದು ತೂಕಡಿಸುವ ತಾಯಿ, ಪಕ್ಕದಲ್ಲಿ ಹಸು-ಕರು. ಅಲ್ಲಿ ಬಣ್ಣ ಒರೆಸಿದ್ದಲ್ಲ, ಎಳೆ ಎಳೆಯಾಗಿ ಇಟ್ಟದ್ದು.

ಇನ್ನೊಂದು ಮಾತು, ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇರಿ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ.